ನಾನು ಅಳಿಸಿದ ಒಂದು ಸಾಲು

ಚನ್ನಪಟ್ಟಣದ ಮನೆಗಳು ಮುಗಿದು ದೊಡ್ಡಮಳೂರಿನ ಕಡೆಗೆ ತೋಟಗಳು ಶುರುವಾಗುವಲ್ಲಿ ನಮ್ಮ ಮನೆ ಇದೆ. ಒಂದೇ ಕಾಂಪೌಂಡು, ಎರಡು ಅಡುಗೆಮನೆ. ಒಂದು ನನ್ನದು, ಇನ್ನೊಂದು ನನ್ನ ಓರಗಿತ್ತಿಯದು. ಗಂಡಂದಿರಿಬ್ಬರೂ ಅಣ್ಣತಮ್ಮಂದಿರು, ಹಿಂದಿನ ಹಿಪ್ಪುನೇರಳೆ ತೋಟ ಅವರ ಕೈಯಲ್ಲಿದೆ. ಮನೆಗೂ ತೋಟಕ್ಕೂ ನಡುವೆ ಇರುವ ಉದ್ದನೆಯ ಕಟ್ಟಡ ಓರಗಿತ್ತಿಯ ಚಾಕಿ ಮನೆ. ಮೊಟ್ಟೆಯೊಡೆದು ಬಂದ, ಇರುವೆಗಿಂತ ಸಣ್ಣ ರೇಷ್ಮೆ ಮರಿಗಳನ್ನು ಎರಡನೇ ಜ್ವರ ದಾಟುವವರೆಗೆ ಅಲ್ಲಿ ಸಾಕಿ, ಆಮೇಲೆ ಸುತ್ತಲಿನ ರೈತರಿಗೆ ಕೊಡುತ್ತಾಳೆ. ಜ್ವರ ಎಂದ ಕೂಡಲೇ ಹೊಸಬರು ಗಾಬರಿಯಾಗುತ್ತಾರೆ. ಹುಳು ಸೊಪ್ಪು ಬಿಟ್ಟು, ತಲೆ ಎತ್ತಿ, ಹೆಚ್ಚು ಕಡಿಮೆ ಒಂದು ದಿನ ಅಲುಗಾಡದೆ ಕೂತು ಹಳೇ ಚರ್ಮ ಕಳಚುತ್ತದಲ್ಲ, ಅದಕ್ಕೆ ರೇಷ್ಮೆಯವರು ಜ್ವರ ಅನ್ನುತ್ತಾರೆ, ಅಷ್ಟೇ.

ನಾನು ಈ ಮನೆಗೆ ಸೊಸೆಯಾಗಿ ಬರುವಾಗಲೇ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ಕೆಲ ವರ್ಷಗಳಲ್ಲಿ ಕೈಯಿಂದ ತಂತಿ ಸಿಗಿಸಿ ಲೈನು ಕೊಡುವ ಬೋರ್ಡು ಹೋಗಿ ತಾನೇ ಲೈನು ಕೊಡುವ ಯಂತ್ರ ಬಂತು. ನನ್ನ ಜೊತೆಯ ಹೆಂಗಸರು ಬಿಲ್ಲಿನ ಮೇಜು ಕೇಳಿಕೊಂಡರು, ನಾನು ಯಂತ್ರದ ಕೋಣೆ ಕೇಳಿದೆ. ಸಾಹೇಬರು ಎರಡು ಸಲ ಯೋಚನೆ ಮಾಡು ಅಂದರು. ನನಗೆ ಒಂದು ಸಲದ್ದೇ ಸಾಕಾಗಿತ್ತು. ನಿವೃತ್ತಿಯಾಗುವವರೆಗೂ ಆ ತಣ್ಣನೆಯ ಕೋಣೆಯಲ್ಲೇ ಇದ್ದೆ. ಯಾವ ಕಾರ್ಡು ಕೆಟ್ಟರೆ ಯಾವ ಬೀದಿಗೆ ಫೋನ್ ಸತ್ತುಹೋಗುತ್ತದೆ ಎಂಬುದು ನನಗೆ ಬಾಯಿಪಾಠವಾಗಿತ್ತು.

ಆದರೆ ನನ್ನ ಮನೆಯಲ್ಲೇ ನಡೆಯುವ ಕೆಲಸ ನನಗೆ ಗೊತ್ತಿರಲಿಲ್ಲ. ಬೆಳಿಗ್ಗೆ ನಾನು ಇಸ್ತ್ರಿ ಸೀರೆ ಉಟ್ಟು ಗೇಟು ದಾಟುವ ಹೊತ್ತಿಗೆ ಓರಗಿತ್ತಿ ಆಗಲೇ ಒಂದು ಸುತ್ತು ಸೊಪ್ಪು ಹೆಚ್ಚಿ ಹಾಕಿರುತ್ತಿದ್ದಳು. ನಮ್ಮಿಬ್ಬರಿಗೆ ಜಗಳವಿರಲಿಲ್ಲ. ಮಾತೂ ಅಷ್ಟಿರಲಿಲ್ಲ. ಹಬ್ಬಕ್ಕೆ ಒಬ್ಬಟ್ಟು ಆ ಕಡೆ ಈ ಕಡೆ ಹೋಗುತ್ತಿತ್ತು, ಮಕ್ಕಳ ಜ್ವರ, ನೆಂಟರ ಮದುವೆ, ಅಷ್ಟಕ್ಕೆ ಮಾತು ನಿಲ್ಲುತ್ತಿತ್ತು. ಅವಳ ಚಾಕಿ ಮನೆಗೆ ಕೈಕಾಲು ತೊಳೆದು ಬೇರೆ ಚಪ್ಪಲಿ ಹಾಕಿಕೊಂಡೇ ಹೋಗಬೇಕು. ಆ ತಾಪತ್ರಯವೇ ಬೇಡ ಎಂದು ನಾನು ಮೂವತ್ತು ವರ್ಷ ಬಾಗಿಲಲ್ಲೇ ನಿಂತು ಮಾತಾಡಿಸಿ ಬಂದಿದ್ದೆ.

ನಾನು ನಿವೃತ್ತಿಯಾದ ಮೇಲೆ ಅವಳು ಚಾಕಿ ಮನೆಗೆ ಹೊಸ ಯಂತ್ರ ಹಾಕಿಸಿದಳು. ಗಾಳಿಯಲ್ಲಿ ತೇವ ಕಡಿಮೆಯಾದರೆ ಮಂಜಿನ ಹಾಗೆ ನೀರು ಊದುವ ಯಂತ್ರ, ಜೊತೆಗೆ ಶಾಖ ಎಷ್ಟು, ತೇವ ಎಷ್ಟು ಎಂದು ಅಳೆದು ತೋರಿಸುವ ಪೆಟ್ಟಿಗೆ. ಮನೆಯ ವೈಫೈ ಇರುವಷ್ಟು ದೂರ ಆ ಅಂಕಿಗಳನ್ನು ಫೋನಿನಲ್ಲಿ ನೋಡಬಹುದು, ಯಂತ್ರವನ್ನು ಫೋನಿನಲ್ಲೇ ನಿಲ್ಲಿಸಬಹುದು. ಅವಳ ತೊಂದರೆ ಇದ್ದದ್ದು ಗೇಟಿನ ಆಚೆಗೆ. ಹುಳು ಕೊಟ್ಟ ಮೇಲೆ ರೈತರ ಮನೆಗೆ ಹೋಗಿ ಅವು ಹೇಗಿವೆ ನೋಡಿ ಬರುವುದು ಅವಳ ರೂಢಿ. ವಿರೂಪಾಕ್ಷಿಪುರ, ಕನಕಪುರದ ಕಡೆ ನಾಲ್ಕಾರು ಊರು. ಅಲ್ಲಿದ್ದಾಗ ಇಲ್ಲಿಯ ಅಂಕಿ ಕಾಣುವುದಿಲ್ಲ. ಒಂದು ದಿನ ನನ್ನ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಅಕ್ಕ, ನೀನು ಊರಿಗೆಲ್ಲಾ ಫೋನ್ ಕೊಟ್ಟೋಳು. ನಮ್ಮನೆ ಯಂತ್ರನ ಕನಕಪುರದಲ್ಲಿ ಕಾಣಂಗೆ ಮಾಡಾಕಾಗಲ್ವಾ?"

ಮಾಡಬಹುದು ಅಂದೆ. ಹೇಗೆ ಎಂದು ಆ ಕ್ಷಣಕ್ಕೆ ನನಗೂ ಗೊತ್ತಿರಲಿಲ್ಲ. ಆದರೆ ಆಗುತ್ತದೆ ಎಂಬುದರಲ್ಲಿ ಅನುಮಾನವಿರಲಿಲ್ಲ.

ಮೊದಲು ತಿಳಿದುಕೊಂಡದ್ದು ಏನು ಮಾಡಬಾರದು ಎಂಬುದನ್ನು. ಮನೆಯ ಇಂಟರ್‌ನೆಟ್ಟಿಗೆ ಹೊರಗಿನಿಂದ ದಾರಿ ಬಿಟ್ಟರೆ ಓರಗಿತ್ತಿಯೊಬ್ಬಳೇ ಬರುವುದಿಲ್ಲ, ಗುರುತು ಪರಿಚಯವಿಲ್ಲದ ಯಾರು ಬೇಕಾದರೂ ಬಂದು ಬಾಗಿಲು ಅಲ್ಲಾಡಿಸಬಹುದು. ಅದಕ್ಕೆ ಕಾವಲು ಬೇಕು. ಎರಡು ತಂತಿ ಸಿಗಿಸುವ ಒಂದು ಪುಟ್ಟ ಕಂಪ್ಯೂಟರ್ ತರಿಸಿದೆ. ಒಂದು ತಂತಿ ಹೊರಗಿನ ಲೈನಿಗೆ, ಇನ್ನೊಂದು ಮನೆಯೊಳಕ್ಕೆ. ನಡುವೆ ಫೈರ್‌ವಾಲ್ ಎಂಬ ಸಾಫ್ಟ್‌ವೇರು. ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಎಂದು ಸಾಲು ಸಾಲಾಗಿ ಬರೆದುಕೊಟ್ಟರೆ ಅದು ಹಾಗೇ ನಡೆದುಕೊಳ್ಳುತ್ತದೆ. ಮೂರು ಸಲ ತಪ್ಪಾಗಿ ಹಾಕಿ, ಮನೆಯವರ ಟಿವಿ, ಫೋನು ಎಲ್ಲ ನಿಲ್ಲಿಸಿ, ಬೈಸಿಕೊಂಡು, ನಾಲ್ಕನೇ ಸಲ ಸರಿ ಮಾಡಿದೆ. ಓರಗಿತ್ತಿ ಬಸ್‌ಸ್ಟ್ಯಾಂಡಿನವರೆಗೆ ಹೋಗಿ, ಅಲ್ಲಿಂದ ಫೋನ್ ಮಾಡಿ, ತೇವ ಎಂಬತ್ತಾರು ಎಂದು ಓದಿ ಹೇಳಿದಳು.

ಆ ಸಂತೋಷ ಎರಡು ದಿನ ಇತ್ತು. ಮೂರನೇ ದಿನ ಕರೆಂಟು ಹೋಗಿ ಬಂದಾಗ ಅವಳ ಫೋನಿನಲ್ಲಿ ಪುಟ ತೆರೆಯಲಿಲ್ಲ. ನಾನು ಅವಳಿಗೆ ಬರೆದುಕೊಟ್ಟಿದ್ದದ್ದು ಅಂಕಿಗಳ ವಿಳಾಸ. ಇಂಟರ್‌ನೆಟ್ ಕೊಡುವವರು ಲೈನು ಕಡಿದು ಸೇರಿದಾಗಲೆಲ್ಲ ಆ ಅಂಕಿ ಬದಲಿಸುತ್ತಾರೆ. ಇದಕ್ಕೆ ಇರುವ ಉಪಾಯವೇ ಡೈನಾಮಿಕ್ ಡಿಎನ್ಎಸ್. ಮನೆಗೆ ಒಂದು ಹೆಸರು ಇಟ್ಟು ಅದನ್ನು ಹೊರಗಿನ ಒಂದು ಪಟ್ಟಿಯಲ್ಲಿ ಬರೆಸುವುದು. ಅಂಕಿ ಬದಲಾದ ಕೂಡಲೇ ಫೈರ್‌ವಾಲೇ ಆ ಪಟ್ಟಿಗೆ ಹೊಸ ಅಂಕಿ ತಿಳಿಸುತ್ತದೆ. ಹೆಸರು ಕೂಗಿದವರಿಗೆ ಮನೆ ಸಿಗುತ್ತದೆ. ಬೋರ್ಡಿನ ಮುಂದೆ ಕೂತಿದ್ದಾಗ ಡಾಕ್ಟರ್ ಬೇಕು ಎಂದವರಿಗೆ ಅವರು ಕ್ಲಿನಿಕ್ಕಿನಲ್ಲಿದ್ದಾರೋ ಮನೆಯಲ್ಲಿದ್ದಾರೋ ನೋಡಿ ಲೈನು ಕೊಡುತ್ತಿದ್ದವಳು ನಾನು. ಇದನ್ನು ಅರ್ಥ ಮಾಡಿಕೊಳ್ಳಲು ಒಂದು ಮಧ್ಯಾಹ್ನ ಸಾಕಾಯಿತು.

ಇನ್ನುಳಿದದ್ದು ಸರ್ಟಿಫಿಕೇಟು. ಓರಗಿತ್ತಿ ದೂರದಿಂದ ಪಾಸ್‌ವರ್ಡ್ ಹಾಕುವಾಗ ಮಧ್ಯದಲ್ಲಿ ಯಾರೂ ಓದಬಾರದು, ತೆರೆದ ಪುಟ ನಮ್ಮ ಮನೆಯದೇ ಎಂದು ಫೋನಿಗೆ ಖಾತ್ರಿಯಾಗಬೇಕು. ಆ ಖಾತ್ರಿ ಪತ್ರವನ್ನು ಉಚಿತವಾಗಿ ಕೊಡುವವರಿದ್ದಾರೆ. ಆದರೆ ಅದಕ್ಕೆ ತೊಂಬತ್ತು ದಿನ ಆಯುಸ್ಸು. ಅರವತ್ತು ದಿನ ಕಳೆದ ಮೇಲೆ ಫೈರ್‌ವಾಲ್ ತಾನೇ ಹೊಸದಕ್ಕೆ ಅರ್ಜಿ ಹಾಕುತ್ತದೆ. ಕೊಡುವವರು ನಮ್ಮ ಹೆಸರಿನ ಮನೆಗೆ ಹೊರಗಿನಿಂದ ಬಂದು, ಒಂದು ಬಾಗಿಲು ತಟ್ಟಿ, ಒಳಗಿನಿಂದ ಸರಿಯಾದ ಉತ್ತರ ಬಂದರೆ ಪತ್ರ ಕೊಡುತ್ತಾರೆ. ಬಹಳ ಜನ ಈ ಕೆಲಸವನ್ನು ಎಲ್ಲರೂ ಮಲಗಿರುವ ಹೊತ್ತಿಗೆ ಇಡುತ್ತಾರಂತೆ. ನಾನು ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟೆ. ಕೆಡುವುದಿದ್ದರೆ ನಾನು ತಿಂಡಿ ತಿಂದು ಕನ್ನಡಕ ಹಾಕಿಕೊಂಡು ಕೂತಿರುವಾಗ ಕೆಡಲಿ ಎಂದು.

ಒಂದು ವರ್ಷ ಎಲ್ಲ ಚೆನ್ನಾಗಿ ನಡೆಯಿತು. ಪತ್ರ ತಾನಾಗಿ ಹೊಸದಾಯಿತು, ಕರೆಂಟು ಹೋದಾಗಲೆಲ್ಲ ಹೆಸರು ಹೊಸ ಅಂಕಿ ಹಿಡಿಯಿತು. ಚಾಕಿ ಮನೆಯ ಸುದ್ದಿಯನ್ನು ಫೋನಿನಲ್ಲಿ ನೋಡುವ ಆಸೆ ರೈತರಿಗೂ ಬಂತು. ತಮ್ಮ ಹುಳು ಯಾವ ಜ್ವರದಲ್ಲಿದೆ, ಯಾವತ್ತು ಬಂದು ತಗೊಂಡು ಹೋಗಬೇಕು ಎಂದು ತಿಳಿಯಲು ಅವರಿಗೆ ಬೇರೆ ಪುಟ ಮಾಡಿದೆ. ಓರಗಿತ್ತಿ ಹುಳು ಸಾಕುವ ಪ್ರತಿ ತಟ್ಟೆಯ ಸ್ಥಿತಿಯನ್ನು ಅದರಲ್ಲಿ ಬರೆಯುತ್ತಿದ್ದಳು. ಸಾಯಂಕಾಲ ಅವಳೂ ನಾನೂ ಜಗಲಿಯ ಮೇಲೆ ಕೂತು ಅದನ್ನು ನೋಡುವುದು ರೂಢಿಯಾಯಿತು. ಮಾತು ಅಲ್ಲಿಂದ ಬೇರೆ ಕಡೆಗೂ ಹೋಗುತ್ತಿತ್ತು. ಅವಳು ಮದುವೆಯಾಗಿ ಬಂದ ವರ್ಷ ನನ್ನನ್ನು ಕಂಡರೆ ಹೆದರುತ್ತಿದ್ದಳು ಎಂಬುದು ನನಗೆ ತಿಳಿದದ್ದು ಹಾಗೆ.

ಅಷ್ಟರಲ್ಲಿ ನನ್ನ ಎರಡು ಕಣ್ಣಿಗೂ ಪೊರೆ ಬಂದಿತ್ತು. ರಾಮನಗರದ ಡಾಕ್ಟರು ಮೊದಲು ಬಲಗಣ್ಣು, ಮೂರು ವಾರ ಬಿಟ್ಟು ಎಡಗಣ್ಣು ಎಂದು ದಿನ ಕೊಟ್ಟರು. ಒಟ್ಟು ಐದು ವಾರ ಪರದೆ ಹೆಚ್ಚು ನೋಡುವಂತಿಲ್ಲ. ಡಾಕ್ಟರು ಹೇಳಿದ್ದು ಹೆಚ್ಚು ಬೇಡ ಎಂದು, ನನ್ನ ಗಂಡ ಅದನ್ನು ಒಂದಿಷ್ಟೂ ಬೇಡ ಎಂದು ಮಾಡಿ ನನ್ನ ಫೋನನ್ನೇ ಬೀರುವಿಗೆ ಸೇರಿಸುವುದಾಗಿ ಹೇಳಿದರು. ಹಾಗಾಗಿ ಆಪರೇಷನ್ನಿಗೆ ಎರಡು ದಿನ ಇರುವಾಗ ನಾನು ಫೈರ್‌ವಾಲ್ ಮುಂದೆ ಕೂತು ಎಲ್ಲ ಅಚ್ಚುಕಟ್ಟು ಮಾಡಿದೆ. ಒಂದು ವರ್ಷದಲ್ಲಿ ಬರೆದ ಸಾಲುಗಳು ಬೇಕಾದಷ್ಟಿದ್ದವು. ಪರೀಕ್ಷೆಗೆಂದು ಬರೆದು ಬಿಟ್ಟವು, ಒಂದೇ ಅರ್ಥದವು ಎರಡೆರಡು. ಮಂಜುಗಣ್ಣಿನಲ್ಲೇ ಒಂದೊಂದಾಗಿ ಅಳಿಸಿದೆ. ಊರಿಗೆ ಹೋಗುವ ಮುಂಚೆ ಮನೆ ಗುಡಿಸಿದ ಸಮಾಧಾನ.

ಬಲಗಣ್ಣು ಆಯಿತು. ಎಡಗಣ್ಣೂ ಆಯಿತು. ಕಪ್ಪು ಕನ್ನಡಕ ಹಾಕಿಕೊಂಡು ರೇಡಿಯೋ ಕೇಳುತ್ತ ದಿನ ಕಳೆಯುತ್ತಿದ್ದೆ. ಎರಡನೇ ಆಪರೇಷನ್ ಆಗಿ ಹತ್ತು ದಿನ ಆಗಿರಬೇಕು. ಓರಗಿತ್ತಿ ಬೆಳಿಗ್ಗೆ ಬೇಗ ಕನಕಪುರದ ಕಡೆಗೆ ಹೊರಟಳು. ಅಲ್ಲಿ ಒಬ್ಬರ ಮನೆಯಲ್ಲಿ ಹುಳು ಸರಿಯಾಗಿ ಮೇಯುತ್ತಿಲ್ಲ ಎಂದು ಕರೆ ಬಂದಿತ್ತು. ನಮ್ಮ ಚಾಕಿ ಮನೆಯಲ್ಲಿ ಅವತ್ತು ಮಧ್ಯಾಹ್ನದ ಹೊತ್ತಿಗೆ ಹುಳು ಎರಡನೇ ಜ್ವರಕ್ಕೆ ಕೂರುವುದಿತ್ತು. ಮೇಯುವಾಗ ತೇವ ಎಷ್ಟು ಬೇಕೋ ಜ್ವರಕ್ಕೆ ಕೂತಾಗ ಅಷ್ಟೇ ಕೆಡುಕು. ಕೋಣೆ ಒಣಗಬೇಕು, ಗಾಳಿ ಆಡಬೇಕು, ತಟ್ಟೆ ಮುಚ್ಚಿದ ಕಾಗದ ತೆಗೆಯಬೇಕು. ಹನ್ನೆರಡರ ಸುಮಾರಿಗೆ ಅಲ್ಲಿಂದಲೇ ಫೋನಿನಲ್ಲಿ ಯಂತ್ರ ನಿಲ್ಲಿಸುತ್ತೇನೆ, ಮೂರರೊಳಗೆ ಬಂದುಬಿಡುತ್ತೇನೆ ಎಂದು ಹೇಳಿ ಹೋಗಿದ್ದಳು. ಅಣ್ಣತಮ್ಮಂದಿರು ಇಬ್ಬರೂ ಸೊಪ್ಪಿಗೆ ಗೊಬ್ಬರ ತರಲು ಗಾಡಿ ಕಟ್ಟಿಸಿಕೊಂಡು ಹೋಗಿದ್ದರು. ಮನೆಯಲ್ಲಿ ನಾನೊಬ್ಬಳೇ.

ಹನ್ನೆರಡು ಗಂಟೆಗೆ ಲ್ಯಾಂಡ್‌ಲೈನ್ ಬಡಿದುಕೊಂಡಿತು. ಅವಳೇ.

"ಅಕ್ಕ, ಪುಟ ಬತ್ತಾ ಇಲ್ಲ. ಕೆಂಪಗೆ ಏನೋ ಬಂದೈತೆ. ಇದು ಸುರಕ್ಷಿತವಲ್ಲ, ಯಾರೋ ಕದಿಯಬೌದು ಅಂತ ಬರೆದೈತೆ. ಒಳಿಕ್ಕೆ ಬುಡ್ತಾನೇ ಇಲ್ಲ."

ಆ ಕೆಂಪು ಪುಟ ಯಾವುದು ಎಂದು ನನಗೆ ಗೊತ್ತು. ಪತ್ರದ ಆಯುಸ್ಸು ಮುಗಿದಿದೆ. ಹೊಸದಕ್ಕೆ ಮೂವತ್ತು ದಿನ ಮುಂಚೆಯೇ ಅರ್ಜಿ ಹೋಗಬೇಕಿತ್ತು. ಹೋಗಲಿಲ್ಲವೋ, ಹೋಗಿ ಸಿಗಲಿಲ್ಲವೋ. ಕೆಂಪು ಪುಟ ದಾಟಿ ಮುಂದೆ ಹೋಗುವ ಒಂದು ಕಳ್ಳದಾರಿ ಇರುತ್ತದೆ. ಅದನ್ನು ಹೇಳಿಕೊಡಲೇ ಎಂದು ಒಂದು ಕ್ಷಣ ಅನ್ನಿಸಿತು. ಆದರೆ ಆ ಪುಟ ಕಂಡರೆ ಎಲ್ಲಿದ್ದೀಯೋ ಅಲ್ಲೇ ನಿಲ್ಲು, ಪಾಸ್‌ವರ್ಡ್ ಹಾಕಬೇಡ ಎಂದು ಅವಳಿಗೂ ರೈತರಿಗೂ ಹೇಳಿಕೊಟ್ಟವಳೇ ನಾನು. ಅದರ ಯೋಚನೆ ಬಿಡು, ನಾನು ಒಳಗೆ ಹೋಗುತ್ತೇನೆ ಅಂದೆ. ಚಾಕಿ ಮನೆಗಾ ಎಂದು ಅವಳು ಎರಡು ಸಲ ಕೇಳಿದಳು. ನಾನು ಬಾಗಿಲು ದಾಟಿದವಳಲ್ಲ ಎಂದು ಅವಳಿಗೆ ಗೊತ್ತಿತ್ತಲ್ಲ.

ಮೊಬೈಲಿಗೆ ಮಾಡು ಎಂದು ಹೇಳಿ, ಗಂಡ ಆಗಾಗ ಚಾರ್ಜ್ ಮಾಡಿ ಮತ್ತೆ ಬೀರುವಿಗೇ ಸೇರಿಸುತ್ತಿದ್ದ ಫೋನನ್ನು ತೆಗೆದು ಕಿವಿಗೆ ಹಿಡಿದುಕೊಂಡೇ ಹೋದೆ. ಕೈಕಾಲು ತೊಳೆದೆ, ಅವಳ ಚಪ್ಪಲಿ ಹಾಕಿಕೊಂಡೆ. ಒಳಗೆ ಬಚ್ಚಲುಮನೆಯ ಹಾಗೆ ಹಸಿ ಬಿಸಿ. ಯಂತ್ರ ಬುಸುಬುಸು ಮಂಜು ಉಗುಳುತ್ತಿತ್ತು. ಗೋಡೆಯ ಅಂಕಿ ಕಪ್ಪು ಕನ್ನಡಕದೊಳಗೆ ಮಸುಕಾಗಿತ್ತು, ಕಣ್ಣು ಕಿರಿದು ಮಾಡಿ ನೋಡಿದೆ, ತೊಂಬತ್ತರ ಹತ್ತಿರ. ಯಂತ್ರದ ಸ್ವಿಚ್ಚು ಎಡಗಡೆ ಕಂಬದ ಹಿಂದೆ ಎಂದಳು, ಆರಿಸಿದೆ. ಮೇಲಿನ ಕಿಟಕಿಗಳ ಹಗ್ಗ ಎಳೆಯಲು ಹೇಳಿದಳು, ಎಳೆದೆ. ಗಾಳಿ ಬಂತು.

"ಈಗ ತಟ್ಟೆ ಮ್ಯಾಲಿನ ಕಾಗದ ಒಂದೊಂದೇ ತಗಿ. ಎಳೀಬ್ಯಾಡ, ಎತ್ತು. ತಲೆ ಎತ್ಕಂಡ್ ಕೂತವಾ ನೋಡು."

ಮೊದಲ ಕಾಗದ ಎತ್ತಿದೆ. ಬೆರಳಿನ ಒಂದು ಗೆಣ್ಣಿನಷ್ಟೂ ಇಲ್ಲದ ಬೂದುಬಣ್ಣದ ಹುಳುಗಳು, ಲೆಕ್ಕವಿಲ್ಲದಷ್ಟು. ಹೆಚ್ಚಿನವು ಮುಂದಿನ ಅರ್ಧ ಮೈ ಮೇಲೆತ್ತಿ ಹಾಗೇ ನಿಂತುಬಿಟ್ಟಿದ್ದವು. ಹತ್ತಿರ ಬಾಗಿದರೂ ಒಂದೂ ಅಲುಗಲಿಲ್ಲ. ಇಷ್ಟೊಂದು ಜೀವ ಒಟ್ಟಿಗೆ ಇಷ್ಟು ಸುಮ್ಮನಿರುವುದನ್ನು ನಾನು ಕಂಡಿರಲಿಲ್ಲ. ಹೊಸ ಕಣ್ಣಿಗೆ ಮೊದಲು ಹತ್ತಿರದಿಂದ ಕಂಡದ್ದೇ ಅದು. ಕೂತಿವೆ ಎಂದು ಪಿಸುಗುಟ್ಟಿದೆ. ಅವಳು ಒಳ್ಳೇದಾಯ್ತು, ಉಳಿದ ತಟ್ಟೆಯದೂ ತೆಗಿ ಅಂದಳು. ಸಾಲಿನ ತುದಿಯವರೆಗೆ ತೆಗೆಯುತ್ತ ಹೋದೆ. ಇನ್ನೂ ಮೇಯುತ್ತಿದ್ದ ಎರಡು ತಟ್ಟೆ ಸಿಕ್ಕವು. ಅವುಗಳಿಗೆ ಕಾಗದ ಹಾಗೇ ಇರಲಿ ಎಂದಳು. ಒಂದು ಡಬ್ಬಿಯಲ್ಲಿ ಸುಣ್ಣದ ಪುಡಿ ಇತ್ತು. ಜ್ವರದ ಹುಳುವಿನ ಮೇಲೆ ತೆಳ್ಳಗೆ ಉದುರಿಸುತ್ತಾರೆ ಎಂದು ಕೇಳಿದ್ದೆ. ಉದುರಿಸಲೇ ಎಂದು ಕೇಳಿದಾಗ ಮೊದಲ ಸಲ ಅವಳ ದನಿ ಏರಿತು.

"ಸುಣ್ಣ ಮುಟ್ಟಬ್ಯಾಡ. ನಿನ್ನ ಕಣ್ಣು ಅಕ್ಕ. ಅದನ್ನ ನಾನು ಬಂದು ಹಾಕ್ತೀನಿ. ನೀನು ಈಗ ಹೊರಗೆ ಬಾ."

ಮೂರಕ್ಕೆ ಬರಬೇಕಿದ್ದವಳು ಎರಡೂವರೆಗೇ ಬಂದಳು. ಬಸ್ಸಿಳಿದವಳು ಆಟೋ ಹಿಡಿದು ನೇರವಾಗಿ ಚಾಕಿ ಮನೆಗೆ ಹೋದಳು. ಅರ್ಧ ಗಂಟೆ ಬಿಟ್ಟು ಸುಣ್ಣದ ಕೈ ತೊಳೆದುಕೊಂಡು ಹೊರಬಂದು, ಹುಳುವಿಗೆ ಏನೂ ಆಗಿಲ್ಲ ಎಂದಳು. ನನ್ನ ತಪ್ಪೋ ಯಂತ್ರದ ತಪ್ಪೋ ಎಂದು ಕೇಳಲಿಲ್ಲ. ಕೇಳಿದ್ದರೆ ನನಗೆ ಸುಲಭವಾಗುತ್ತಿತ್ತು.

ಮರುದಿನ ವಿರೂಪಾಕ್ಷಿಪುರದ ಒಬ್ಬ ರೈತರು ಬಂದರು. ನಮ್ಮಿಂದ ಎಲ್ಲರಿಗಿಂತ ಹೆಚ್ಚು ವರ್ಷದಿಂದ ಹುಳು ತಗೊಂಡು ಹೋಗುವವರು, ಮಿತಭಾಷಿ. ಕುರ್ಚಿಯಲ್ಲಿ ಕೂತು ಫೋನು ತೆಗೆದು ಕೆಂಪು ಪುಟವನ್ನು ನನ್ನ ಮುಖಕ್ಕೆ ಹಿಡಿದರು.

"ನಮ್ಮೂರಲ್ಲಿ ಎಲ್ಲರ ಫೋನಲ್ಲೂ ಇಂಗೇ ಬತ್ತಾ ಐತೆ. ನಿಮ್ಮನೆ ಕಂಪ್ಯೂಟರ್‌ಗೆ ಕಳ್ರು ನುಗ್ಗವ್ರೆ ಅಂತ ಮಾತು. ನಾನು ನಂಬ್ನಿಲ್ಲ. ಆದ್ರೂ ಕೇಳ್ಕಂಡ್ ವೋಗವಾ ಅಂತ ಬಂದೆ."

ಕಳ್ಳರಿಲ್ಲ, ಒಂದು ಪತ್ರದ ಅವಧಿ ಮುಗಿದಿದೆ, ಲೈಸೆನ್ಸ್ ಮುಗಿದ ಗಾಡಿಯನ್ನು ಪೊಲೀಸರು ನಿಲ್ಲಿಸಿದ ಹಾಗೆ ಅಂದೆ. ಯಾರೂ ಒಳಗೆ ಬಂದಿಲ್ಲ ಎಂದೂ ಹೇಳಿದೆ. ಅವರು ತಲೆಯಾಡಿಸಿ, ಹಾಗಾದರೆ ಯಾಕೆ ಮುಗಿಯಲು ಬಿಟ್ಟಿರಿ ಎಂದು ಮೆಲ್ಲಗೆ ಕೇಳಿದರು. ಲೈನು ಕೊಡುವವರದ್ದು ಏನೋ ತೊಂದರೆ ಇರಬೇಕು ಎಂದುಬಿಟ್ಟೆ. ಅದನ್ನು ನಾನು ಆಗ ನಂಬಿಯೂ ಇದ್ದೆ. ಮಧ್ಯಾಹ್ನವೇ ಫೋನ್ ಮಾಡಿ ದೂರು ಕೊಟ್ಟೆ. ಬಂದ ಲೈನ್‌ಮ್ಯಾನ್ ಕಂಬದಿಂದ ಮನೆಯವರೆಗೆ ಎಲ್ಲ ನೋಡಿ, ಲೈನಿನಲ್ಲಿ ಒಂದು ಕೂದಲಷ್ಟೂ ದೋಷವಿಲ್ಲ ಎಂದು ಹೇಳಿ ಕಾಫಿ ಕುಡಿದು ಹೋದ.

ಡಾಕ್ಟರು ಪರದೆ ನೋಡಲು ಒಪ್ಪಿಗೆ ಕೊಡುವುದಕ್ಕೆ ಇನ್ನೂ ನಾಲ್ಕು ದಿನವಿತ್ತು. ಆ ನಾಲ್ಕು ದಿನ ಓರಗಿತ್ತಿ ಪ್ರತಿ ರೈತರಿಗೂ ತಾನೇ ಫೋನ್ ಮಾಡಿ ಹುಳು ಯಾವಾಗ ತಗೊಂಡು ಹೋಗಬೇಕೆಂದು ಹೇಳಿದಳು. ಒಂದು ಮನೆಯವರೂ ಹುಳು ಬೇಡ ಅನ್ನಲಿಲ್ಲ. ಕೆಂಪು ಪುಟದ ಬಗ್ಗೆ ಮಾತ್ರ ಪ್ರತಿಯೊಬ್ಬರೂ ಕೇಳಿದರು, ಪ್ರತಿಯೊಬ್ಬರಿಗೂ ಅವಳು ನಮ್ಮಕ್ಕ ಸರಿ ಮಾಡ್ತಾಳೆ ಎಂದು ಹೇಳಿದಳು. ಜಗಲಿಯ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಕೂತ ನನಗೆ ಅದಷ್ಟೂ ಕೇಳಿಸುತ್ತಿತ್ತು.

ಐದನೇ ದಿನ ಬೆಳಿಗ್ಗೆ ಫೈರ್‌ವಾಲ್ ತೆರೆದೆ. ಅದು ತಾನು ಮಾಡಿದ್ದನ್ನೆಲ್ಲ ದಿನಚರಿಯ ಹಾಗೆ ಬರೆದಿಡುತ್ತದೆ. ಮೂವತ್ತಕ್ಕೂ ಹೆಚ್ಚು ದಿನ, ಬೆಳಿಗ್ಗೆ ಹನ್ನೊಂದಕ್ಕೆ, ತಪ್ಪದೆ ಅರ್ಜಿ ಹಾಕಿತ್ತು. ಅಷ್ಟೂ ದಿನ ಒಂದೇ ಉತ್ತರ: ಬಾಗಿಲು ತಟ್ಟಿದೆವು, ಯಾರೂ ಉತ್ತರಿಸಲಿಲ್ಲ. ಸೋತಾಗಲೆಲ್ಲ ನನ್ನ ಮೊಬೈಲಿಗೆ ಒಂದು ಇಮೇಲನ್ನೂ ಕಳಿಸಿತ್ತು. ಅವೆಲ್ಲ ಬೀರುವಿನೊಳಗೆ, ಸೀರೆಗಳ ನಡುವೆ ಓದದೆ ಬಿದ್ದಿದ್ದವು.

ಸಾಲುಗಳ ಪಟ್ಟಿ ತೆಗೆದು ನೋಡಿದೆ. ಆ ತಟ್ಟುವವರಿಗೆಂದು ಬಿಟ್ಟಿದ್ದ ಬಾಗಿಲಿನ ಸಾಲೇ ಇರಲಿಲ್ಲ. ಫೈರ್‌ವಾಲ್ ಹಳೆಯ ಪಟ್ಟಿಗಳನ್ನೂ ಇಟ್ಟುಕೊಂಡಿರುತ್ತದೆ. ಹಿಂದಕ್ಕೆ ಹೋಗಿ ನೋಡಿದರೆ ಆ ಸಾಲು ಹೋದದ್ದು ಆಪರೇಷನ್ನಿಗೆ ಎರಡು ದಿನ ಮುಂಚೆ. ಅಳಿಸಿದವರ ಜಾಗದಲ್ಲಿ ನನ್ನದೇ ಹೆಸರು. ಅದರ ಮುಂದೆ ನಾನೇ ಒಂದು ವರ್ಷದ ಹಿಂದೆ ಬರೆದಿದ್ದ ಟಿಪ್ಪಣಿ ಒಂದೇ ಪದ: ಪರೀಕ್ಷೆ. ಮೊದಲು ಪರೀಕ್ಷೆಗೆಂದು ಹಾಕಿ, ಕೆಲಸ ಮಾಡಿತೆಂದು ಹಾಗೇ ಬಿಟ್ಟು, ಟಿಪ್ಪಣಿ ತಿದ್ದಲು ಮರೆತಿದ್ದೆ. ಮಂಜುಗಣ್ಣಿಗೆ ಆ ಪದವಷ್ಟೇ ಕಂಡಿತ್ತು, ಅಳಿಸಿಬಿಟ್ಟಿದ್ದೆ. ಪುಟದ ಬಾಗಿಲು ಬೇರೆಯಾದ್ದರಿಂದ ಹಳೇ ಪತ್ರದ ಆಯುಸ್ಸು ಮುಗಿಯುವವರೆಗೂ ಎಲ್ಲರಿಗೂ ಪುಟ ಕಾಣುತ್ತಿತ್ತು. ಹಾಗಾಗಿ ಯಾರಿಗೂ ಅನುಮಾನ ಬಂದಿರಲಿಲ್ಲ.

ನಾಚಿಕೆಯಾಯಿತು. ಕಾಫಿ ಕುಡಿದು ಹೋದ ಲೈನ್‌ಮ್ಯಾನ್ ನೆನಪಾದ. ಆದರೆ ನಿಜ ಹೇಳಬೇಕೆಂದರೆ, ನಾಚಿಕೆಯ ಜೊತೆಗೆ ಹಗುರವೂ ಆಯಿತು. ಏನು ಕೆಟ್ಟಿದೆ ಎಂದು ಗೊತ್ತಾಗದಿರುವುದು ನನಗೆ ಸಹಿಸಲಾಗದ ಸಂಗತಿ. ಗೊತ್ತಾದ ಮೇಲೆ ಉಳಿಯುವುದು ಬರೀ ಕೆಲಸ.

ಅಳಿಸಿದ ಸಾಲನ್ನು ಹಾಗೇ ವಾಪಸು ಹಾಕಿದ್ದರೆ ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು. ನಾನು ಹಾಗೆ ಮಾಡಲಿಲ್ಲ. ತೊಂಬತ್ತು ದಿನಕ್ಕೊಮ್ಮೆ ಬರುವವರಿಗಾಗಿ ವರ್ಷವಿಡೀ ಒಂದು ಬಾಗಿಲು ತೆರೆದಿಡುವುದೇ ನನಗೆ ಮೊದಲಿನಿಂದ ಅಷ್ಟು ಸರಿ ಕಂಡಿರಲಿಲ್ಲ. ಇನ್ನೊಂದು ದಾರಿ ಇದೆ. ನಮ್ಮ ಮನೆಯ ಹೆಸರು ಬರೆದಿರುವ ಆ ಹೊರಗಿನ ಪಟ್ಟಿಯಲ್ಲೇ ಫೈರ್‌ವಾಲ್ ಒಂದು ಗುಟ್ಟಿನ ಪದ ಬರೆಯುತ್ತದೆ. ಪತ್ರ ಕೊಡುವವರು ಅಲ್ಲಿ ಅದನ್ನು ಓದಿ, ಪಟ್ಟಿ ತಿದ್ದುವ ಹಕ್ಕು ಇರುವವರು ಮನೆಯವರೇ ಎಂದು ಒಪ್ಪಿಕೊಳ್ಳುತ್ತಾರೆ. ಮನೆಯ ಬಾಗಿಲಿಗೆ ಯಾರೂ ಬರಬೇಕಿಲ್ಲ. ಪಟ್ಟಿಗೆ ಹೊಸ ಅಂಕಿ ತಿಳಿಸಲು ಫೈರ್‌ವಾಲಿಗೆ ಕೊಟ್ಟಿರುವ ಕೀಲಿಪದವೇ ಇದಕ್ಕೂ ಆಗುತ್ತದೆ. ಕಣ್ಣಿಗೆ ಹನಿ ಹಾಕಿಕೊಳ್ಳುತ್ತ, ನಡುನಡುವೆ ಕಣ್ಣು ಮುಚ್ಚಿ ಕೂರುತ್ತ, ಮಧ್ಯಾಹ್ನದ ಊಟದ ಹೊತ್ತಿಗೆ ಹೊಸ ಪತ್ರ ಪಡೆದೆ. ಓರಗಿತ್ತಿಯ ಫೋನಿನಲ್ಲಿ ಪುಟ ತೆರೆಯಿತು, ಕೆಂಪಿಲ್ಲ.

ಅವಳು ಅಡುಗೆಮನೆಯಲ್ಲಿ ಮುದ್ದೆ ಕಟ್ಟುತ್ತಿದ್ದಳು. ನಾನು ಹೋಗಿ ಎಲ್ಲ ಹೇಳಿದೆ. ಲೈನಿನವರ ತಪ್ಪು ಏನೂ ಇರಲಿಲ್ಲ, ನಾನೇ ಒಂದು ಸಾಲು ಅಳಿಸಿದ್ದೆ, ಅದರಿಂದಲೇ ಅವತ್ತು ಹುಳುವಿಗೆ ಆಪತ್ತು ಬಂದಿತ್ತು ಎಂದೆ. ಅವಳು ಮುದ್ದೆಯನ್ನು ತಟ್ಟೆಗೆ ಇಳಿಸಿ, ಕೈ ನೆನೆಸಿಕೊಂಡು ಇನ್ನೊಂದು ಕಟ್ಟಿದಳು. ಆಮೇಲೆ ಮಾತಾಡಿದಳು.

"ನಾನು ಬಂದ ಹೊಸದ್ರಲ್ಲಿ ಜ್ವರಕ್ಕೆ ಕೂತಿದ್ ಹುಳುಗೆ ಸೊಪ್ಪು ಹಾಕ್ಬುಟ್ಟಿದ್ದೆ. ಅರ್ಧ ತಟ್ಟೆ ಹಾಳಾಯ್ತು. ಅತ್ತೆ ಕೇಳಿದ್ರೆ ಸೊಪ್ಪು ಸರಿ ಇರ್ನಿಲ್ಲ ಅಂದೆ. ಇವತ್ತಿನ ಗಂಟ ಯಾರ್ಗೂ ಹೇಳಿಲ್ಲ."

ನಾನು ಇನ್ನೊಂದು ತಟ್ಟೆ ತಂದಿಟ್ಟೆ. ಸಾರು ಬಡಿಸಿಕೊಂಡು ಇಬ್ಬರೂ ಅಲ್ಲೇ ನೆಲದ ಮೇಲೆ ಕೂತು ಉಂಡೆವು. ಕೈ ತೊಳೆಯುವಾಗ ಅವಳು ಆ ಇಮೇಲುಗಳು ನಿನಗೊಬ್ಬಳಿಗೇ ಯಾಕೆ ಬರಬೇಕು, ನನಗೂ ಬರಲಿ ಎಂದಳು. ಇಂಗ್ಲಿಷಿನಲ್ಲಿ ಬಂದರೆ ಓದಲು ಆಗುವುದಿಲ್ಲ, ಕನ್ನಡದಲ್ಲಿ ಬರಲಿ ಎಂದೂ ಹೇಳಿದಳು. ಸಾಯಂಕಾಲದೊಳಗೆ ಅದನ್ನು ಮಾಡಿದೆ. ಪ್ರತಿ ಸೋಮವಾರ ಬೆಳಿಗ್ಗೆ ನಮ್ಮಿಬ್ಬರ ಫೋನಿಗೂ ಎರಡು ಸಾಲು ಬರುತ್ತದೆ: ಪತ್ರಕ್ಕೆ ಇನ್ನು ಇಷ್ಟು ದಿನ ಇದೆ, ಹೆಸರು ಮತ್ತು ಅಂಕಿ ತಾಳೆಯಾಗುತ್ತಿವೆ. ತಾಳೆಯಾಗದಿದ್ದರೆ ಸೋಮವಾರಕ್ಕೆ ಕಾಯದೆ ಆಗಲೇ ಬರುತ್ತದೆ. ಸಾಲುಗಳ ಪಟ್ಟಿಯನ್ನೂ ಇಬ್ಬರೂ ಕೂತು ಹೊಸದಾಗಿ ಬರೆದೆವು. ಪ್ರತಿ ಸಾಲಿನ ಮುಂದೆ ಅದು ಯಾರಿಗಾಗಿ, ತೆಗೆದರೆ ಏನು ನಿಲ್ಲುತ್ತದೆ ಎಂದು ಅವಳಿಗೆ ಅರ್ಥವಾಗುವವರೆಗೆ ತಿದ್ದಿದೆ. ಅವಳಿಗೆ ಅರ್ಥವಾಗದ ಎರಡು ಸಾಲು ಉಳಿದವು. ನೋಡಿದರೆ ಅವು ನಿಜಕ್ಕೂ ಬೇಡದವೇ ಆಗಿದ್ದವು.

ಬುಧವಾರ ನಾನೇ ವಿರೂಪಾಕ್ಷಿಪುರಕ್ಕೆ ಬಸ್ಸು ಹತ್ತಿದೆ. ಆ ರೈತರ ಮನೆಯ ಹೊರಗೆ ಹಗ್ಗದ ಮಂಚದಲ್ಲಿ ಕೂತು, ಲೈನಿನವರ ಮೇಲೆ ಸುಮ್ಮನೆ ಹಾಕಿದ್ದೆ, ತಪ್ಪು ನನ್ನದು ಎಂದು ಹೇಳಿದೆ. ಅಷ್ಟು ದೂರ ಬರಬೇಕಿತ್ತೇ, ಫೋನಿನಲ್ಲೇ ಹೇಳಬಹುದಿತ್ತಲ್ಲ ಎಂದರು. ಆಮೇಲೆ ಒಸಿ ಇರಿ ಎಂದು ಒಳಗೆ ಹೋಗಿ ಬಂದು, ನನ್ನನ್ನು ಹುಳುವಿನ ಮನೆಗೆ ಕರೆದುಕೊಂಡು ಹೋದರು. ನಾನು ಅವತ್ತು ಕಾಗದ ಎತ್ತಿ ನೋಡಿದ್ದ ಹುಳುಗಳೇ ಅವು. ಈಗ ಅರ್ಧ ಬೆರಳಿನಷ್ಟು ಬೆಳೆದು, ಮಳೆ ಬಿದ್ದ ಸದ್ದಿನ ಹಾಗೆ ಸರಸರ ಸೊಪ್ಪು ಮೇಯುತ್ತಿದ್ದವು. ಊರಿನವರಿಗೆ ನಾನೇ ಹೇಳುತ್ತೇನೆ, ಕಳ್ಳರೂ ಇಲ್ಲ ಏನೂ ಇಲ್ಲ ಎಂದು ಅವರು ಹೇಳಿದರು. ಹೇಳಿರಲೂ ಬೇಕು, ಮುಂದಿನ ವಾರದಿಂದ ಪುಟ ನೋಡುವವರು ಮೊದಲಿನಷ್ಟೇ ಆದರು.

ಅದಾಗಿ ಈಗ ಪತ್ರ ಐದಾರು ಸಲ ಹೊಸದಾಗಿದೆ. ಇತ್ತೀಚೆಗೆ ಮಾಗಡಿಯ ಹತ್ತಿರ ಚಾಕಿ ಸಾಕುವ ಹೆಂಗಸೊಬ್ಬರು ಓರಗಿತ್ತಿಯನ್ನು ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಕಂಡು, ನಮಗೂ ಹಾಗೆ ಮಾಡಿಕೊಡುತ್ತೀರಾ ಎಂದು ಕೇಳಿದ್ದರು. ಇಬ್ಬರೂ ಹೋದೆವು. ನಾನು ಪೆಟ್ಟಿಗೆಗೆ ಕೊನೆಯ ತಂತಿ ಸಿಗಿಸುತ್ತಿದ್ದಾಗ ಆ ಹೆಂಗಸು, ಕರೆಂಟು ಹೋದರೆ ಏನು ಗತಿ ಎಂದು ಕೇಳಿದರು. ನಾನು ತಲೆ ಎತ್ತುವಷ್ಟರಲ್ಲಿ ಓರಗಿತ್ತಿಯೇ ಉತ್ತರ ಕೊಡಲು ಶುರು ಮಾಡಿದ್ದಳು. ನಂಬರು ಬದಲಾಗುತ್ತದೆ, ಹೆಸರು ಬದಲಾಗುವುದಿಲ್ಲ, ಐದು ನಿಮಿಷ ತಡೆದುಕೊಂಡರೆ ಹೆಸರು ಹೊಸ ನಂಬರನ್ನು ಹಿಡಿದುಕೊಳ್ಳುತ್ತದೆ ಎಂದು ಬಿಡಿಸಿ ಬಿಡಿಸಿ ಹೇಳಿದಳು. ಆಮೇಲೆ ಗೋಡೆಯ ಹತ್ತಿರ ಹೋಗಿ ಲೈನಿನ ಪ್ಲಗ್ಗನ್ನು ಕಿತ್ತು, ಮತ್ತೆ ಸಿಗಿಸಿ, ವೈಫೈ ಆರಿಸಿದ ತನ್ನ ಫೋನನ್ನು ಆ ಹೆಂಗಸಿನ ಕೈಗೆ ಕೊಟ್ಟು, ನೀವೇ ನೋಡುತ್ತಾ ಇರಿ ಎಂದಳು. ನಾವು ಮೂವರೂ ಅಲ್ಲೇ ನಿಂತು ಕಾದೆವು. ನಾಲ್ಕು ನಿಮಿಷಕ್ಕೆ ಶಾಖ, ತೇವದ ಅಂಕಿಗಳು ಬಂದವು.